ಜೀವಕೋಶ ಎಷ್ಟು ಆಕ್ಸಿಜನ್ ಬಳಸುತ್ತದೆ ಅಂತ ಅಳೆಯುವುದು ಹೇಗೆ?

ತುಂಗಾತೀರ (ಬಿ.ಎಸ್ಸಿ., ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಮಗೆ ಈಗ ಎಲೆಕ್ಟ್ರಾನ್ ಟ್ರಾನ್ಸ್‌ಪೋರ್ಟ್ ಚೈನ್ (ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳನ್ನು ಕೊಂಡಿಯಿಂದ ಕೊಂಡಿಗೆ ದಾಟಿಸಿ ಕೊನೆಗೆ ಆಕ್ಸಿಜನ್‌ಗೆ ಕೊಡುವ ಸರಪಳಿ) ಪಾಠ ನಡೆಯುತ್ತಿದೆ. ನೋಟ್ಸ್‌ನಲ್ಲಿ ಬ್ರಿಟನ್ ಚಾನ್ಸ್ ಅನ್ನುವ ವಿಜ್ಞಾನಿಯ ಹೆಸರಿದೆ. 'ಸ್ಟೇಟ್ 3', 'ಸ್ಟೇಟ್ 4' ಅಂತ ಒಂದು ಗ್ರಾಫ್ ಇದೆ. ನೋಡಿ ಬರೆದುಕೊಂಡೆ, ಆದರೆ ತಲೆಗೆ ಹತ್ತಲಿಲ್ಲ. ಮನೆಯಲ್ಲಿ ಪಲ್ಸ್ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ 98 ತೋರಿಸುತ್ತದೆ. ಜೀವಕೋಶದ ಒಳಗೂ ಆಕ್ಸಿಜನ್ ಅಷ್ಟೇ ಇರುತ್ತದಾ? ಇನ್ನೊಂದು ಅನುಮಾನ. ಒಲೆ ಊದಿದರೆ ಉರಿ ಜಾಸ್ತಿಯಾಗುತ್ತದೆ ಅಲ್ವಾ? ಹಾಗೆಯೇ ಆಕ್ಸಿಜನ್ ಜಾಸ್ತಿ ಕೊಟ್ಟರೆ ಎಟಿಪಿಯೂ (ಜೀವಕೋಶ ಖರ್ಚು ಮಾಡುವ ಶಕ್ತಿಯ ಅಣು) ಜಾಸ್ತಿ ಆಗಬೇಕಲ್ಲ?

ಕೋಲ್ಡ್‌ರೂಮ್ (ಮೈಟೊಕಾಂಡ್ರಿಯಾ ಲ್ಯಾಬ್, ಬೆಂಗಳೂರು)

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಹಿಡಿಯುತ್ತೇನೆ. ಚಾನ್ಸ್ ಅವರ ಕೆಲಸದ ತಿರುಳೇ ಅದು. ಆಕ್ಸಿಜನ್ ಸಾಕಷ್ಟು ಇದ್ದಮೇಲೆ ಇನ್ನಷ್ಟು ಸುರಿದರೂ ಎಟಿಪಿ ಜಾಸ್ತಿಯಾಗುವುದಿಲ್ಲ. ಜೀವಕೋಶದೊಳಗೆ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಾ ಆಕ್ಸಿಜನ್ ತೆಗೆದುಕೊಳ್ಳುವುದು ಬೇಡಿಕೆ ನೋಡಿಕೊಂಡು. ಆ ಬೇಡಿಕೆಯನ್ನು ತಿಳಿಸುವುದು ಎಡಿಪಿ, ಅಂದರೆ ಎಟಿಪಿ ಖರ್ಚಾದ ಮೇಲೆ ಉಳಿಯುವ ಅಣು.

ನಾನು ಹೆಚ್ಚು ಸಮಯ ಕಳೆಯುವುದು ಆಕ್ಸಿಜನ್ ಎಲೆಕ್ಟ್ರೋಡ್ ಮುಂದೆ. ಹಾಗಾಗಿ ಆ ಗ್ರಾಫ್ ಹೇಗೆ ಹುಟ್ಟುತ್ತದೆ ಅಂತಲೇ ಹೇಳುತ್ತೇನೆ. ಒಂದು ಮಿಲಿಲೀಟರ್ ಹಿಡಿಯುವ ಪುಟ್ಟ ಗಾಜಿನ ಕೋಣೆ. ತಳದಲ್ಲಿ ಪ್ಲಾಟಿನಂ ಚುಕ್ಕೆ, ಅದರ ಸುತ್ತ ಬೆಳ್ಳಿಯ ಉಂಗುರ. ಮೇಲೆ ಒಂದು ಹನಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ, ಅದರ ಮೇಲೆ ತೆಳುವಾದ ಟೆಫ್ಲಾನ್ ಪೊರೆ, ಪೊರೆಯನ್ನು ಬಿಗಿಯಾಗಿ ಹಿಡಿಯಲು ರಬ್ಬರ್ ರಿಂಗ್. ಪೊರೆಯ ಕೆಳಗೆ ಸಣ್ಣ ಗುಳ್ಳೆ ಉಳಿದರೂ ಗೆರೆ ಎತ್ತೆತ್ತಲೋ ಓಡುತ್ತದೆ, ಬಿಚ್ಚಿ ಮತ್ತೆ ಕಟ್ಟಬೇಕು. ಸುಮಾರು 0.6 ವೋಲ್ಟ್ ಕೊಟ್ಟರೆ, ಪೊರೆ ದಾಟಿ ಬಂದ ಆಕ್ಸಿಜನ್ ಪ್ಲಾಟಿನಂ ಮೇಲೆ ಎಲೆಕ್ಟ್ರಾನ್ ಪಡೆಯುತ್ತದೆ. ಆಕ್ಸಿಜನ್ ಎಷ್ಟೋ ಕರೆಂಟ್ ಅಷ್ಟು. ಎಲೆಕ್ಟ್ರೋಡ್ ತಾನೂ ಒಂಚೂರು ಆಕ್ಸಿಜನ್ ತಿನ್ನುತ್ತದೆ, ಅದಕ್ಕೇ ಒಳಗೆ ಪುಟ್ಟ ಮ್ಯಾಗ್ನೆಟ್ ಸದಾ ತಿರುಗುತ್ತಿರಬೇಕು. ಸೊನ್ನೆ ಗುರುತಿಸಲು ಒಂದು ಚಿಟಿಕೆ ಸೋಡಿಯಂ ಡೈಥಯೋನೈಟ್ ಹಾಕುತ್ತೇವೆ, ಅದು ಇರುವ ಆಕ್ಸಿಜನ್ನನ್ನೆಲ್ಲ ಮುಗಿಸಿಬಿಡುತ್ತದೆ.

ಈಗ ಐಸ್ ಮೇಲಿಟ್ಟ ಇಲಿಯ ಲಿವರ್‌ನ ಮೈಟೊಕಾಂಡ್ರಿಯಾ ಮತ್ತು ಅದಕ್ಕೆ ಇಂಧನವಾಗಿ ಸಕ್ಸಿನೇಟ್ ಹಾಕಿ. ಗೆರೆ ನಿಧಾನವಾಗಿ ಇಳಿಯುತ್ತದೆ. ಮುಚ್ಚಳದ ಸಣ್ಣ ತೂತಿನಿಂದ ಸಿರಿಂಜ್‌ನಲ್ಲಿ 3 ಮೈಕ್ರೋಲೀಟರ್ ಎಡಿಪಿ ಬಿಡಿ. ತಕ್ಷಣ ಗೆರೆ ಕಡಿದಾಗಿ ಬೀಳುತ್ತದೆ. ಅದು ಸ್ಟೇಟ್ 3. ಸ್ವಲ್ಪ ಹೊತ್ತಿಗೆ, ಯಾರೂ ಏನೂ ಮುಟ್ಟದೆ, ಗೆರೆ ತಾನಾಗಿಯೇ ಬಾಗಿ ಮತ್ತೆ ನಿಧಾನವಾಗುತ್ತದೆ. ಹಾಕಿದ ಎಡಿಪಿ ಪೂರ್ತಿ ಎಟಿಪಿ ಆಗಿದೆ ಅಂತ ಅರ್ಥ. ಅದು ಸ್ಟೇಟ್ 4. ನೀರಿನಲ್ಲಿ ಆಕ್ಸಿಜನ್ ಇನ್ನೂ ಬೇಕಾದಷ್ಟಿದೆ, ಸಕ್ಸಿನೇಟೂ ಇದೆ. ಆದರೂ ಮೈಟೊಕಾಂಡ್ರಿಯಾ ಸುಮ್ನೆ ಉರಿಸುವುದಿಲ್ಲ. ಆ ಬಾಗು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಜೀವ ಹೇಗೆ ಲೆಕ್ಕ ಇಟ್ಟು ಖರ್ಚು ಮಾಡುತ್ತದೆ ಅನ್ನುವುದು ಆ ಒಂದು ತಿರುವಿನಲ್ಲಿ ಕಾಣುತ್ತದೆ.

ಲೆಕ್ಕವೂ ಅಲ್ಲೇ ಸಿಗುತ್ತದೆ. 100 ಮಿಲಿಮೋಲಾರ್ ದ್ರಾವಣದ 3 ಮೈಕ್ರೋಲೀಟರ್ ಅಂದರೆ 300 ನ್ಯಾನೋಮೋಲ್ ಎಡಿಪಿ. ಕಡಿದಾದ ಭಾಗದಲ್ಲಿ ಎಷ್ಟು ಆಕ್ಸಿಜನ್ ಹೋಯಿತು ಅಂತ ಅಳೆದು ಭಾಗಿಸಿ. ಸಕ್ಸಿನೇಟ್ ಆದರೆ ಒಂದು ಆಕ್ಸಿಜನ್ ಪರಮಾಣುವಿಗೆ ಸುಮಾರು 1.5 ಎಟಿಪಿ, ಎಲೆಕ್ಟ್ರಾನ್ ಎನ್‌ಎಡಿಎಚ್ (ಸರಪಳಿಗೆ ಎಲೆಕ್ಟ್ರಾನ್ ತಂದುಕೊಡುವ ಇನ್ನೊಂದು ಅಣು) ಕಡೆಯಿಂದ ಬಂದರೆ ಸುಮಾರು 2.5. ಹಳೆಯ ಪುಸ್ತಕಗಳಲ್ಲಿ 2 ಮತ್ತು 3 ಅಂತ ಇರುತ್ತದೆ, ಗಾಬರಿಯಾಗಬೇಡಿ.

ಚಾನ್ಸ್ ಮತ್ತು ಜಿ. ಆರ್. ವಿಲಿಯಮ್ಸ್ ಈ 'ಸ್ಟೇಟ್'ಗಳನ್ನು ವಿವರಿಸಿದ್ದು 1955ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜಾನ್ಸನ್ ಫೌಂಡೇಶನ್‌ನಲ್ಲಿ. ಆಗ ಅವರ ಹತ್ತಿರ ಇದ್ದದ್ದು ಕಂಪಿಸುವ ಪ್ಲಾಟಿನಂ ಎಲೆಕ್ಟ್ರೋಡ್. ನಾನು ಮೇಲೆ ಹೇಳಿದ್ದು ಲೀಲ್ಯಾಂಡ್ ಕ್ಲಾರ್ಕ್ 1956ರಲ್ಲಿ ಪ್ರಕಟಿಸಿದ ವಿನ್ಯಾಸ. ಕ್ಲಾರ್ಕ್‌ಗೆ ಅದು ಬೇಕಾಗಿದ್ದು ಬೇರೆ ಕಾರಣಕ್ಕೆ. ರಕ್ತಕ್ಕೆ ಆಕ್ಸಿಜನ್ ಸೇರಿಸುವ ಯಂತ್ರ ಕಟ್ಟಿದ್ದರು, ಆದರೆ ಎಷ್ಟು ಸೇರಿತು ಅಂತ ಅಳೆಯುವ ದಾರಿ ಇರಲಿಲ್ಲ. ಚಾನ್ಸ್ ಅವರ ದೊಡ್ಡ ಶಕ್ತಿ ಅಂದರೆ ಬೇಕಾದ ಉಪಕರಣವನ್ನು ತಾವೇ ಕಟ್ಟಿಕೊಳ್ಳುತ್ತಿದ್ದದ್ದು. ಎರಡು ತರಂಗಾಂತರದ ಬೆಳಕು ಹಾಯಿಸಿ, ಕದಡಿದ ದ್ರಾವಣದಲ್ಲೂ ಸೈಟೋಕ್ರೋಮ್‌ಗಳ (ಸರಪಳಿಯ ಬಣ್ಣದ ಪ್ರೋಟೀನ್‌ಗಳ) ಬಣ್ಣ ಬದಲಾಗುವುದನ್ನು ಕಣ್ಣೆದುರೇ ಹಿಡಿದರು. ಒಂದು ಕಡೆ ಆಕ್ಸಿಜನ್ ಇಳಿಯುವುದು, ಇನ್ನೊಂದು ಕಡೆ ಸರಪಳಿಯ ಯಾವ ಕೊಂಡಿಯಲ್ಲಿ ಎಲೆಕ್ಟ್ರಾನ್ ನಿಂತಿದೆ ಅನ್ನುವುದು, ಎರಡನ್ನೂ ಜೋಡಿಸಿ ನೋಡಿದರು. ಅಂದಹಾಗೆ ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಯ ಚಿನ್ನವನ್ನೂ ಗೆದ್ದವರು.

ನೈಟ್‌ಡ್ಯೂಟಿ (ವೈದ್ಯ, ಹುಬ್ಬಳ್ಳಿ)

ಆಕ್ಸಿಮೀಟರ್ ಬಗ್ಗೆ ನಾನು ಹೇಳುತ್ತೇನೆ. 98 ಅಂದರೆ ಅಪಧಮನಿಯ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಶೇ. 98ರಷ್ಟು ಆಕ್ಸಿಜನ್ ಹೊತ್ತಿದೆ ಅಂತ, ಅಷ್ಟೇ. ಜೀವಕೋಶ ಅದನ್ನು ಬಳಸುತ್ತಿದೆಯಾ ಅಂತ ಆ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಸಯನೈಡ್ ವಿಷ ಇದಕ್ಕೆ ಸರಿಯಾದ ಉದಾಹರಣೆ. ಅದು ಸರಪಳಿಯ ಕೊನೆಯಲ್ಲಿ ಆಕ್ಸಿಜನ್‌ಗೆ ಎಲೆಕ್ಟ್ರಾನ್ ಕೊಡುವ ಸೈಟೋಕ್ರೋಮ್ ಆಕ್ಸಿಡೇಸನ್ನೇ ಕಟ್ಟಿಹಾಕುತ್ತದೆ. ಆಕ್ಸಿಮೀಟರ್‌ನಲ್ಲಿ ಅಂಕಿ ಚೆನ್ನಾಗಿಯೇ ಇರಬಹುದು, ಸಿರೆಯ ರಕ್ತವೂ ಕೆಂಪಗೆ ಹೊಳೆಯಬಹುದು, ಯಾಕೆಂದರೆ ಆಕ್ಸಿಜನ್ ಖರ್ಚೇ ಆಗಿಲ್ಲ. ಆದರೆ ಲ್ಯಾಕ್ಟೇಟ್ (ಆಕ್ಸಿಜನ್ ಬಳಸದೆ ಶಕ್ತಿ ಪಡೆಯುವಾಗ ಉಳಿಯುವ ಪದಾರ್ಥ) ಏರುತ್ತಿರುತ್ತದೆ. ಅದಕ್ಕೇ ನಮ್ಮ ಕಿರಿಯರಿಗೆ ಹೇಳುತ್ತಿರುತ್ತೇನೆ, ಬರೀ ಬೆರಳಿನ ಅಂಕಿ ನೋಡಿ ನಿರಾಳವಾಗಬೇಡಿ ಅಂತ.

ತುಂಗಾತೀರ

ಇಬ್ಬರಿಗೂ ತುಂಬಾ ಧನ್ಯವಾದ. ಸ್ಟೇಟ್ 3 ಈಗ ಅರ್ಥ ಆಯ್ತು! ಆದರೆ ಮೇಡಂ, ಜೀವಂತ ಅಂಗಾಂಶದ ಒಳಗೆ ಎಲೆಕ್ಟ್ರೋಡ್ ಚುಚ್ಚದೆ ಅಳೆಯಲು ಆಗುತ್ತದಾ? ಮತ್ತೆ, ನಮ್ಮ ಕಾಲೇಜಿನಲ್ಲಿ ಎಲೆಕ್ಟ್ರೋಡ್ ಇಲ್ಲ. ಏನಾದರೂ ಮಾಡಿ ನೋಡಬಹುದಾ?

ಕೋಲ್ಡ್‌ರೂಮ್

ಆಗುತ್ತದೆ. ಅದೇ ಪೆನ್ಸಿಲ್ವೇನಿಯಾದಲ್ಲಿ ಜೇನ್ ವಾಂಡರ್‌ಕೂಯ್ ಮತ್ತು ಡೇವಿಡ್ ವಿಲ್ಸನ್ 1987ರಲ್ಲಿ ಬೆಳಕಿನ ವಿಧಾನ ಪ್ರಕಟಿಸಿದರು. ಕೆಲವು ಬಣ್ಣದ ಅಣುಗಳಿಗೆ ಬೆಳಕು ಕೊಟ್ಟು ನಿಲ್ಲಿಸಿದ ಮೇಲೂ ಅವು ಕ್ಷಣಕಾಲ ಮಿನುಗುತ್ತವೆ. ಪಕ್ಕದಲ್ಲಿ ಆಕ್ಸಿಜನ್ ಜಾಸ್ತಿ ಇದ್ದಷ್ಟೂ ಮಿನುಗು ಬೇಗ ಆರುತ್ತದೆ. ಆ ಸಮಯ ಅಳೆದರೆ ಆಕ್ಸಿಜನ್ ಸಿಕ್ಕಿತು. ಇದು ಆಕ್ಸಿಜನ್ ತಿನ್ನುವ ಎಲೆಕ್ಟ್ರೋಡ್ ಅಲ್ಲ, ಹಾಗಾಗಿ ತೀರಾ ಕಡಿಮೆ ಇರುವ ಕಡೆಯೂ ನಂಬಬಹುದು. ಜೀವಕೋಶದ ಒಳಗಿರುವುದು ಕಡಿಮೆಯೇ. ಅಪಧಮನಿಯಲ್ಲಿ ಆಕ್ಸಿಜನ್ ಒತ್ತಡ ಸುಮಾರು 95 ಮಿ.ಮೀ. ಪಾದರಸ, ಜೋರಾಗಿ ದುಡಿಯುವ ಸ್ನಾಯುವಿನ ಒಳಗೆ ಕೆಲವೇ ಮಿ.ಮೀ. ಅಷ್ಟರಲ್ಲೂ ಸೈಟೋಕ್ರೋಮ್ ಆಕ್ಸಿಡೇಸ್ ಕೆಲಸ ಮಾಡುತ್ತದೆ.

ಕಾಲೇಜಿಗೆ: ವಿಂಕ್ಲರ್ ಟೈಟ್ರೇಶನ್ (ನೀರಿನಲ್ಲಿ ಕರಗಿದ ಆಕ್ಸಿಜನ್ ಅಳೆಯುವ ರಾಸಾಯನಿಕ ವಿಧಾನ) ಮಾಡಿರುತ್ತೀರಲ್ಲ, ಅದೇ ಸಾಕು. ಎರಡು ಬಿಒಡಿ ಬಾಟಲಿಗೆ (ಗಾಳಿ ಸೇರದಂತೆ ಮುಚ್ಚುವ ಗಾಜಿನ ಬಾಟಲಿ) ಒಂದೇ ನೀರು ತುಂಬಿ. ಒಂದರಲ್ಲಿ ಚೆನ್ನಾಗಿ ತೊಳೆದ ಮೊಳಕೆ ಹೆಸರುಕಾಳು ಒಂದು ಹಿಡಿ, ಇನ್ನೊಂದರಲ್ಲಿ ಬರೀ ನೀರು. ಗುಳ್ಳೆ ಇಲ್ಲದಂತೆ ಮುಚ್ಚಿ, ಒಂದು ಗಂಟೆ ಬಿಡಿ. ಆಮೇಲೆ ಕಾಳಿದ್ದ ನೀರನ್ನು ಸಣ್ಣ ಟ್ಯೂಬಿನಲ್ಲಿ, ಗಾಳಿ ಬೆರೆಯದಂತೆ, ಬೇರೆ ಬಾಟಲಿಗೆ ಇಳಿಸಿ ಎರಡನ್ನೂ ಟೈಟ್ರೇಟ್ ಮಾಡಿ. 25 ಡಿಗ್ರಿಯಲ್ಲಿ ಬರೀ ನೀರಿನದು ಲೀಟರಿಗೆ 8 ಮಿ.ಗ್ರಾಂ ಆಸುಪಾಸು ಬರಬೇಕು. ಆಕ್ಸಿಜನ್‌ನ ಅಣುತೂಕ 32ರಿಂದ ಭಾಗಿಸಿದರೆ ಸುಮಾರು 250 ಮೈಕ್ರೋಮೋಲಾರ್. ನಮ್ಮ ಗೆರೆಯೂ ಅಲ್ಲಿಂದಲೇ ಇಳಿಯಲು ಶುರುವಾಗುವುದು. ಇನ್ನೊಂದು ಜೊತೆ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟೂ ಮಾಡಿ, ಬಂದ ಅಂಕಿಗಳನ್ನು ಇಲ್ಲಿ ಹಾಕಿ. ಒಟ್ಟಿಗೆ ಕೂತು ಲೆಕ್ಕ ಮಾಡೋಣ.