ಕೌನ್ಸೆಲಿಂಗ್ ಬಿಟ್ಟ ಹುಡುಗ: ನಮ್ಮ ಎಸ್ಸೆಸ್ಸೆಲ್ಸಿ ಗುಂಪಿನ ಜಗಳ

ಪ್ರವೀಣ್ ಸುರತ್ಕಲ್: (ವೀಡಿಯೊ) ನೋಡಿ ಮಾರಾಯ್ರೆ. 16 ವರ್ಷದವ. ಗಾಂಜಾ, ಮೊಬೈಲ್ ಕಳ್ಳತನ. ಕೌನ್ಸೆಲಿಂಗಿಗೆ ಹಾಕಿದ್ದರು, ಅರ್ಧಕ್ಕೇ ಬಿಟ್ಟು ಮತ್ತೆ ಸಿಕ್ಕಿಬಿದ್ದಿದ್ದಾನೆ.

ಶೈಲಜಾ: ಮೊದಲು ವೀಡಿಯೊ ತೆಗಿ ಪ್ರವೀಣ. ಹುಡುಗನ ಮುಖ ಕಾಣುತ್ತದೆ. ಬಾಲನ್ಯಾಯ ಕಾಯ್ದೆಯ 74ನೇ ಕಲಂ. 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಡಾಲ್ಫಿ ದುಬೈ: ಅಡ್ಮಿನ್ ನಾನು. ತೆಗಿ ಮಾರಾಯ.

(ಈ ಮೆಸೇಜ್ ಡಿಲೀಟ್ ಆಗಿದೆ)

ಪ್ರವೀಣ್ ಸುರತ್ಕಲ್: ತೆಗೆದೆ. ಪ್ರಶ್ನೆ ಹಾಗೇ ಉಂಟು. ಫ್ರೀ ಕೊಟ್ಟರೂ ಹೋಗದವನಿಗೆ ಎಂತ ಮಾಡುವುದು?

ಶೈಲಜಾ: ಉಡುಪಿಯಲ್ಲಿ ಇಂಥ ಹುಡುಗರ ಜೊತೆ ಕೆಲಸ ಮಾಡಿದವಳು ನಾನು. ಅವರು ಮೊದಲು ಕೇಳುವುದು ಒಂದೇ. "ನಾನು ಹೇಳಿದ್ದು ಬೋರ್ಡಿಗೆ ಹೋಗ್ತದಾ ಅಕ್ಕ?" ಬೋರ್ಡ್ ಅಂದರೆ ಅವರ ಕೇಸು ನೋಡುವ ಬಾಲನ್ಯಾಯ ಮಂಡಳಿ. ನೇರ ಉತ್ತರ ಸಿಗದಿದ್ದರೆ ಬಾಯಿ ಬಿಡುವುದಿಲ್ಲ. ಅಷ್ಟರಲ್ಲಿ ಕೌನ್ಸೆಲರ್ ಬದಲು. ಪುನಃ ಮೊದಲಿಂದ ಎಲ್ಲ ಹೇಳಬೇಕು. ಬೈಂದೂರಿನಿಂದ ಬರುವವನಾದರೆ ಅಮ್ಮನ ಒಂದು ದಿನದ ಕೂಲಿಯೂ ಹೋಯಿತು. ಫೈಲಿನಲ್ಲಿ ಮಾತ್ರ "ಹುಡುಗನಿಗೆ ಆಸಕ್ತಿ ಇಲ್ಲ".

ಪ್ರವೀಣ್ ಸುರತ್ಕಲ್: ಎಲ್ಲ ನೆಪ ಮಾರಾಯ್ತಿ. ಒಮ್ಮೆ ಜೈಲು ಒಳಗೆ ಕರೆದುಕೊಂಡು ಹೋಗಿ ತೋರಿಸಿದರೆ ಬುದ್ಧಿ ಬರುತ್ತದೆ.

ಡಾಲ್ಫಿ ದುಬೈ: ಅಮೆರಿಕದವರು 70ರ ದಶಕದಲ್ಲೇ ಅದನ್ನು ಮಾಡಿ ನೋಡಿದ್ದಾರೆ. ಹೋಗದವರಿಗಿಂತ ಜೈಲು ನೋಡಿ ಬಂದವರೇ ಜಾಸ್ತಿ ಕೇಸು ಮಾಡಿಕೊಂಡರು.

ಶೈಲಜಾ: ಅಲ್ಲೇ ಎಂಎಸ್‌ಟಿ (ಮಲ್ಟಿಸಿಸ್ಟಮಿಕ್ ಥೆರಪಿ) ಅಂತ ಒಂದು ಚಿಕಿತ್ಸಾ ಕ್ರಮ ಉಂಟು. ಥೆರಪಿಸ್ಟ್ ಮನೆಗೇ ಹೋಗುತ್ತಾರೆ. ರಾತ್ರಿ ಫೋನ್ ಬಂದರೂ ತಂಡದವರು ಎತ್ತಬೇಕು. ಹುಡುಗ ತಪ್ಪಿಸಿಕೊಂಡರೆ ಜವಾಬ್ದಾರಿ ತಂಡದ್ದೇ. ಕೇಸೂ ನಶೆಯೂ ಎರಡೂ ಇದ್ದ ಮಕ್ಕಳ 1996ರ ಅಧ್ಯಯನದಲ್ಲಿ 58 ಕುಟುಂಬಗಳಲ್ಲಿ 57 ಪೂರ್ತಿ ಮುಗಿಸಿದವು. ಹಾಗಂತ ಮಂತ್ರದಂಡ ಅಲ್ಲ. ಇಂಗ್ಲೆಂಡಿನ ದೊಡ್ಡ ಪ್ರಯೋಗದಲ್ಲಿ ಇದು ಮಾಮೂಲಿ ಸೇವೆಗಿಂತ ಮೇಲೆ ಬರಲಿಲ್ಲ.

ಇಕ್ಬಾಲ್ ತೊಕ್ಕೊಟ್ಟು: ನನ್ನ ಗ್ಯಾರೇಜಿನಲ್ಲಿ ಅಂಥವ ಒಬ್ಬ ಇದ್ದ. 18 ತುಂಬಿತ್ತು, ಕೇಸು ಮುಗಿದಿರಲಿಲ್ಲ. ಕೌನ್ಸೆಲಿಂಗಿಗೆ ಹೋದ ದಿನ ಹಿಂದಿನ ಧಣಿ ಸಂಬಳ ಹಿಡಿಯುತ್ತಿದ್ದರಂತೆ. ನಾನು ಹಿಡಿಯಲಿಲ್ಲ, ಅಷ್ಟೇ. ಪೂರ್ತಿ ಹೋದ. ಬುದ್ಧಿ ಹೇಳುವವರಿಗೇನು, ಊರು ತುಂಬ ಇದ್ದರು.

ಪ್ರವೀಣ್ ಸುರತ್ಕಲ್: ಮೊಬೈಲ್ ಕಳಕೊಂಡ ಹೆಂಗಸಿನ ಬಗ್ಗೆ ಯಾರಿಗೂ ಮಾತಿಲ್ಲ ಅಲ್ವಾ?

ಶೈಲಜಾ: ಅದು ನ್ಯಾಯವಾದ ಮಾತು. ಅದೇ ಬಾಲನ್ಯಾಯ ಕಾಯ್ದೆಯ 18ನೇ ಕಲಂನಲ್ಲಿ ದಂಡ, ಸಮುದಾಯ ಸೇವೆ, 3 ವರ್ಷದವರೆಗೆ ವಿಶೇಷ ಗೃಹ ಎಲ್ಲ ಉಂಟು. ಸುಮ್ನೆ ಬಿಡಿ ಅಂತ ನಾನು ಹೇಳಲಿಲ್ಲ. ಆದರೆ ಹೊರಗೆ ಬಂದವ ನಿಮ್ಮ ಬೀದಿಗೇ ಬರುವುದು.

ಪ್ರವೀಣ್ ಸುರತ್ಕಲ್: ಇಕ್ಬಾಲ್, ಸತ್ಯ ಹೇಳು. ಗಲ್ಲಾಪೆಟ್ಟಿಗೆಗೆ ಬೀಗ ಹಾಕುತ್ತಿದ್ದೆಯಾ ಇಲ್ವಾ?

ಇಕ್ಬಾಲ್ ತೊಕ್ಕೊಟ್ಟು: ಹಾಕುತ್ತಿದ್ದೆ. ಅವನು ಬರುವ ಮೊದಲೂ ಹಾಕುತ್ತಿದ್ದೆ.