ಪಾರ್ಸರ್ ಅದಲುಬದಲಾದಾಗ ಏನು ಮಾಡುತ್ತೀರಿ? ಪರ್ಲ್‌ನಲ್ಲಿ ಎಕ್ಸ್‌ಎಂಎಲ್ ಓದಿಸಿದವರ ಅನುಭವ ಬೇಕಾಗಿದೆ

ತುಮಕೂರಿನಿಂದ ಕೇಳಿದವರು:

ತಿಪಟೂರು, ತುರುವೇಕೆರೆ ಕಡೆಯ ಕೊಬ್ಬರಿ ವ್ಯಾಪಾರಿಗಳ ಲೆಕ್ಕಪತ್ರ ನೋಡಿಕೊಳ್ಳುವ ಸಣ್ಣ ಕಚೇರಿಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಅಂಗಡಿಯವರು ತಮ್ಮ ಲೆಕ್ಕದ ತಂತ್ರಾಂಶದಿಂದ ತಿಂಗಳಿಗೊಮ್ಮೆ ತೆಗೆದು ಕಳುಹಿಸುವ ಎಕ್ಸ್‌ಎಂಎಲ್ ಫೈಲುಗಳನ್ನು (ಮಾಹಿತಿಯನ್ನು ಟ್ಯಾಗುಗಳ ನಡುವೆ ಬರೆದಿಟ್ಟ ಪಠ್ಯದ ಫೈಲುಗಳು) ಓದಿ, ಬಿಲ್ಲುಗಳನ್ನು ಡೇಟಾಬೇಸಿಗೆ ಇಳಿಸುವ, ಪರ್ಲ್ ಭಾಷೆಯ ಸ್ಕ್ರಿಪ್ಟೊಂದನ್ನು ನನಗಿಂತ ಮೊದಲು ಇಲ್ಲಿದ್ದವರು ಬರೆದಿಟ್ಟು ಹೋಗಿದ್ದಾರೆ. ಅದು ಬಳಸುವುದು ಎಕ್ಸ್‌ಎಂಎಲ್::ಸಿಂಪಲ್ ಮಾಡ್ಯೂಲನ್ನು. ಹಳೆಯ ಕಂಪ್ಯೂಟರಿನಲ್ಲಿ ಎಷ್ಟೋ ವರ್ಷ ತೊಂದರೆ ಕೊಡದೆ ಓಡಿತು.

ಕಳೆದ ತಿಂಗಳು ಹೊಸ ಕಂಪ್ಯೂಟರಿಗೆ ಅದೇ ಸ್ಕ್ರಿಪ್ಟನ್ನು ಒಂದು ಅಕ್ಷರವೂ ಬದಲಿಸದೆ ಹಾಕಿದೆವು. ಮೊದಲು ಒಂದು ಲೋಟ ಕಾಫಿ ಮುಗಿಯುವುದರೊಳಗೆ ಆಗುತ್ತಿದ್ದ ಕೆಲಸ ಈಗ ಮಧ್ಯಾಹ್ನದ ಊಟ ಮುಗಿಸಿ ಬಂದರೂ ಆಗಿರುವುದಿಲ್ಲ. ಕಂಪ್ಯೂಟರು ಹೊಸದು, ಮೆಮೊರಿ ದುಪ್ಪಟ್ಟು, ಆದರೂ ಹೀಗೆ. ಒಳಗೆ ಬೇರೆ ಪಾರ್ಸರ್ (ಫೈಲನ್ನು ಬಿಡಿಸಿ ಓದುವ ಭಾಗ) ಕೆಲಸ ಮಾಡುತ್ತಿರಬಹುದೆಂದು ಸ್ನೇಹಿತರೊಬ್ಬರು ಹೇಳಿದರು. ಯಾವ ಪಾರ್ಸರ್ ಓಡುತ್ತಿದೆ ಎಂದು ತಿಳಿಯುವುದು ಹೇಗೆ, ಒಂದನ್ನೇ ಗಟ್ಟಿಯಾಗಿ ಹಿಡಿದು ಕೂರುವುದು ಒಳ್ಳೆಯದೋ, ಇಲ್ಲ ಯಾವುದಿದ್ದರೂ ಓಡುವಂತೆ ಬಿಡುವುದು ಒಳ್ಳೆಯದೋ? ಇಂಥದ್ದನ್ನು ಅನುಭವಿಸಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಚಿಂತಾಮಣಿಯಿಂದ:

ನಿಮ್ಮ ಸ್ನೇಹಿತರು ಹೇಳಿದ್ದು ಸರಿಯಿದೆ. ಇದೇ ಪಾಡನ್ನು ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರೊಬ್ಬರ ಗೂಡು ಖರೀದಿಯ ಲೆಕ್ಕದಲ್ಲಿ ಪಟ್ಟಿದ್ದೇನೆ. ಎಕ್ಸ್‌ಎಂಎಲ್::ಸಿಂಪಲ್ ತಾನೇ ಪಾರ್ಸರ್ ಅಲ್ಲ. ಅದು ಎಕ್ಸ್‌ಎಂಎಲ್::ಸ್ಯಾಕ್ಸ್ ಎಂಬ ಇನ್ನೊಂದು ಮಾಡ್ಯೂಲು ಕಂಪ್ಯೂಟರಿನಲ್ಲಿದೆಯೇ ಎಂದು ನೋಡುತ್ತದೆ, ಇದ್ದರೆ ಅದರ ಮೂಲಕ ಓದಿಸುತ್ತದೆ, ಇಲ್ಲದಿದ್ದರೆ ಮಾತ್ರ ಹಳೆಯ ಎಕ್ಸ್‌ಎಂಎಲ್::ಪಾರ್ಸರಿನ ಕಡೆಗೆ ಹೋಗುತ್ತದೆ. ಬಹುಶಃ ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಎರಡನೆಯದೊಂದೇ ಇತ್ತು. ಅದು ಜೇಮ್ಸ್ ಕ್ಲಾರ್ಕ್ ಸಿ ಭಾಷೆಯಲ್ಲಿ ಬರೆದ ಎಕ್ಸ್‌ಪ್ಯಾಟ್ ಎಂಬ ಪಾರ್ಸರಿನ ಮೇಲೆ ನಿಂತಿರುವುದರಿಂದ ವೇಗವಾಗಿ ಓಡುತ್ತದೆ. ಹೊಸ ಕಂಪ್ಯೂಟರಿಗೆ ಬೇರೆ ಯಾವುದೋ ಮಾಡ್ಯೂಲನ್ನು ಹಾಕುವಾಗ ಎಕ್ಸ್‌ಎಂಎಲ್::ಸ್ಯಾಕ್ಸ್ ಕೂಡ ಬಂದು ಕೂತಿರುತ್ತದೆ, ಅದರ ಜೊತೆಯಲ್ಲೇ ಬರುವ ಪ್ಯೂರ್‌ಪರ್ಲ್ ಎಂಬ ಪಾರ್ಸರ್ ಕೆಲಸವನ್ನು ಕೈಗೆತ್ತಿಕೊಂಡಿರುತ್ತದೆ. ಅದು ಪೂರ್ತಿ ಪರ್ಲ್‌ನಲ್ಲೇ ಬರೆದದ್ದು. ಸಿ ಕಂಪೈಲರ್ ಇಲ್ಲದ ಕಡೆಯಲ್ಲೂ ಓಡಲಿ ಎಂದು ಇಟ್ಟ ಊರುಗೋಲು ಅದು. ಊರುಗೋಲು ಹಿಡಿದು ಓಟದ ಪಂದ್ಯಕ್ಕೆ ಇಳಿದ ಹಾಗೆ ಆಗಿದೆ ನಿಮ್ಮ ಸ್ಥಿತಿ.

ಯಾವುದು ಓಡುತ್ತಿದೆ ಎಂದು ತಿಳಿಯಲು ಎಕ್ಸ್‌ಎಂಎಲ್::ಸ್ಯಾಕ್ಸ್::ಪಾರ್ಸರ್‌ಫ್ಯಾಕ್ಟರಿಯಿಂದ ಒಂದು ಪಾರ್ಸರನ್ನು ಕೇಳಿ ಪಡೆದು, ಬಂದ ವಸ್ತುವಿನ ಮೇಲೆ ‘ರೆಫ್’ ಹಾಕಿ ಮುದ್ರಿಸಿ. ಒಂದೇ ಸಾಲಿನ ಕೆಲಸ, ಕ್ಲಾಸಿನ ಹೆಸರು ಕಣ್ಣೆದುರಿಗೆ ಬರುತ್ತದೆ. ಈ ಫ್ಯಾಕ್ಟರಿ ಪಾರ್ಸರನ್ನು ಆರಿಸುವ ಕ್ರಮವನ್ನು ತಿಳಿದಿಟ್ಟುಕೊಂಡರೆ ಅರ್ಧ ತೊಂದರೆ ನೀಗುತ್ತದೆ. ಅದು ಮೊದಲು ಎಕ್ಸ್‌ಎಂಎಲ್::ಸ್ಯಾಕ್ಸ್::ಪಾರ್ಸರ್‌ಪ್ಯಾಕೇಜ್ ಎಂಬ ವೇರಿಯೇಬಲ್ಲಿನಲ್ಲಿ ಹೆಸರಿದೆಯೇ ಎಂದು ನೋಡುತ್ತದೆ, ಆಮೇಲೆ ಮಾಡ್ಯೂಲುಗಳನ್ನು ಹುಡುಕುವ ದಾರಿಗಳಲ್ಲಿ ‘ಸ್ಯಾಕ್ಸ್.ಐಎನ್‌ಐ’ ಎಂಬ ಫೈಲು ಸಿಗುತ್ತದೆಯೇ ಎಂದು ನೋಡುತ್ತದೆ, ಎರಡೂ ಇಲ್ಲವಾದರೆ ‘ಪಾರ್ಸರ್‌ಡೀಟೇಲ್ಸ್.ಐಎನ್‌ಐ’ ಪಟ್ಟಿಯ ಕೊನೆಯಲ್ಲಿರುವುದನ್ನು ಎತ್ತಿಕೊಳ್ಳುತ್ತದೆ. ಆ ಪಟ್ಟಿಗೆ ಹೆಸರು ಸೇರುವುದು ಇನ್‌ಸ್ಟಾಲ್ ಮಾಡಿದ ಕ್ರಮದಲ್ಲಿ. ಆದ್ದರಿಂದ ನೀವು ನಾಳೆ ಇನ್ನಾವುದೋ ಕೆಲಸಕ್ಕೆ ಹೊಸ ಪಾರ್ಸರೊಂದನ್ನು ಹಾಕಿದರೆ, ಸ್ಕ್ರಿಪ್ಟನ್ನು ಮುಟ್ಟದೆಯೇ ಕೊಬ್ಬರಿ ಲೆಕ್ಕದ ಪಾರ್ಸರೂ ಬದಲಾಗಿಬಿಡುತ್ತದೆ. ಕೊನೆಗೆ ಬಂದವನಿಗೆ ಯಜಮಾನಿಕೆ ಕೊಡುವ ಈ ಪದ್ಧತಿ ನನಗೆ ಇವತ್ತಿಗೂ ಹಿಡಿಸಿಲ್ಲ. ಡೆಬಿಯನ್, ಉಬುಂಟು ಬಳಸುವವರು ಆ ಪಟ್ಟಿಯನ್ನು ಕೈಯಿಂದ ತಿದ್ದಲು ಹೋಗಬೇಡಿ. ಅಲ್ಲಿ ಅದನ್ನು ನೋಡಿಕೊಳ್ಳಲು ‘ಅಪ್‌ಡೇಟ್-ಪರ್ಲ್-ಸ್ಯಾಕ್ಸ್-ಪಾರ್ಸರ್ಸ್’ ಎಂಬ ಕಮ್ಯಾಂಡೇ ಇದೆ.

ಸ್ಕ್ರಿಪ್ಟಿನ ಪಕ್ಕದಲ್ಲೇ ಸ್ಯಾಕ್ಸ್.ಐಎನ್‌ಐ ಇಟ್ಟರೆ ಸಾಕು ಎಂಬ ಹಳೆಯ ಸಲಹೆಯನ್ನೂ ನಂಬಬೇಡಿ. 2017ರಲ್ಲಿ ಬಂದ ಪರ್ಲ್ 5.26ರಿಂದ, ನಾವು ನಿಂತಿರುವ ಫೋಲ್ಡರನ್ನು ಮಾಡ್ಯೂಲ್ ಹುಡುಕುವ ದಾರಿಯಿಂದ ಭದ್ರತೆಯ ಕಾರಣಕ್ಕೆ ತೆಗೆದುಹಾಕಿದ್ದಾರೆ. ಫೈಲು ಅಲ್ಲೇ ಇರುತ್ತದೆ, ಯಾರೂ ಅದನ್ನು ಓದುವುದಿಲ್ಲ.

ನಿಮ್ಮ ಸ್ಕ್ರಿಪ್ಟಿಗೆ ಸುಲಭದ ಪರಿಹಾರವೆಂದರೆ ಎಕ್ಸ್‌ಎಂಎಲ್::ಸಿಂಪಲ್‌ನ ಪ್ರಿಫರ್ಡ್_ಪಾರ್ಸರ್ ವೇರಿಯೇಬಲ್ಲಿಗೆ ಎಕ್ಸ್‌ಎಂಎಲ್::ಪಾರ್ಸರ್ ಎಂದು ಹೆಸರು ಕೊಡುವುದು. ಇದನ್ನೇ ಎನ್ವಿರಾನ್‌ಮೆಂಟ್ ವೇರಿಯೇಬಲ್ (ಸ್ಕ್ರಿಪ್ಟಿನ ಹೊರಗೆ ಇಡುವ ಸೆಟ್ಟಿಂಗ್) ಮೂಲಕವೂ ಮಾಡಬಹುದು, ನಾನು ಹಾಗೆ ಮಾಡಿಯೇ ಕೆಟ್ಟೆ. ನನ್ನ ಲಾಗಿನ್ನಿನ ಪ್ರೊಫೈಲಿನಲ್ಲಿ ಅದನ್ನು ಬರೆದಿಟ್ಟಿದ್ದೆ. ಕೈಯಿಂದ ಓಡಿಸಿದಾಗ ಸ್ಕ್ರಿಪ್ಟು ಕುದುರೆಯಂತೆ ಓಡುತ್ತಿತ್ತು, ರಾತ್ರಿ ಕ್ರಾನ್ (ಗೊತ್ತುಮಾಡಿದ ಹೊತ್ತಿಗೆ ತಾನಾಗಿ ಕೆಲಸ ಓಡಿಸುವ ವ್ಯವಸ್ಥೆ) ಓಡಿಸಿದಾಗ ಮಾತ್ರ ಬೆಳಗಾದರೂ ಮುಗಿಯುತ್ತಿರಲಿಲ್ಲ. ಕ್ರಾನ್ ನನ್ನ ಪ್ರೊಫೈಲನ್ನು ಓದುವುದಿಲ್ಲ ಎಂಬುದು ಹೊಳೆಯುವುದಕ್ಕೆ ಎರಡು ವಾರ ಹಿಡಿಯಿತು. ಹೆಸರನ್ನು ಕೋಡಿನಲ್ಲೇ, ಒಂದೇ ಜಾಗದಲ್ಲಿ ಬರೆಯಿರಿ, ಪ್ರತಿ ಸಲ ಓಡಿದಾಗಲೂ ಲಾಗಿನ ಮೊದಲ ಸಾಲಿನಲ್ಲಿ ಪಾರ್ಸರಿನ ಹೆಸರೂ ಆವೃತ್ತಿಯೂ ಬೀಳುವಂತೆ ಮಾಡಿ. ಅಂದಹಾಗೆ, ಹೊಸ ಕೋಡಿನಲ್ಲಿ ಎಕ್ಸ್‌ಎಂಎಲ್::ಸಿಂಪಲ್ ಬಳಸಬೇಡಿ ಎಂದು ಆ ಮಾಡ್ಯೂಲಿನ ಕೈಪಿಡಿಯೇ ಹೇಳುತ್ತದೆ. ನಿಧಾನವಾಗಿಯಾದರೂ ಅದರಿಂದ ಹೊರಗೆ ಬನ್ನಿ.

ಕೋಲಾರದಿಂದ:

ಮೇಲಿನವರು ಹೇಳಿದ್ದು ವೇಗದ ಮಾತು. ವೇಗ ಕಡಿಮೆಯಾದರೆ ಕಣ್ಣಿಗೆ ಕಾಣುತ್ತದೆ, ಲೆಕ್ಕ ತಪ್ಪಿದರೆ ಕಾಣುವುದಿಲ್ಲ. ನಾನು ಇಲ್ಲಿ ಟೊಮ್ಯಾಟೊ ಮಂಡಿಯೊಂದರ ಲೆಕ್ಕ ಬರೆಯುತ್ತೇನೆ. ಸುಗ್ಗಿಯಲ್ಲಿ ಫೈಲು ದೊಡ್ಡದಾಗಿ ಮೆಮೊರಿ ಸಾಲದೆ ಬಂದಾಗ, ಇಡೀ ಫೈಲನ್ನು ಮೆಮೊರಿಯಲ್ಲಿ ಮರದಂತೆ ಕಟ್ಟಿಕೊಂಡು ಓದುತ್ತಿದ್ದ ಸ್ಕ್ರಿಪ್ಟನ್ನು ಎಕ್ಸ್‌ಪ್ಯಾಟ್ ಮೂಲಕ ಹರಿಯುತ್ತಾ ಓದುವಂತೆ ಬದಲಿಸಿದೆ. ಟ್ಯಾಗು ತೆರೆದಾಗ ಒಂದು ಕರೆ, ಪಠ್ಯ ಬಂದಾಗ ಒಂದು ಕರೆ, ಮುಚ್ಚಿದಾಗ ಒಂದು ಕರೆ. ಪಠ್ಯದ ಕರೆ ಬಂದ ಕೂಡಲೇ ಅದನ್ನು ಹೆಸರಿನ ಜಾಗದಲ್ಲಿ ಬರೆದುಕೊಳ್ಳುವಂತೆ ಮಾಡಿದ್ದೆ. ಪರೀಕ್ಷೆಯ ಫೈಲಿನಲ್ಲಿ ಎಲ್ಲವೂ ಸರಿಯಾಗಿತ್ತು.

ತಿಂಗಳ ಕೊನೆಗೆ ಬಾಕಿ ಪಟ್ಟಿ ತೆಗೆದರೆ, ‘ಸನ್ಸ್’ ಎಂಬ ಒಬ್ಬನೇ ಖರೀದಿದಾರ ಮಾರುಕಟ್ಟೆಯ ಕಾಲುಭಾಗ ಟೊಮ್ಯಾಟೊವನ್ನು ಕೊಂಡಿದ್ದ! ಅಂಗಡಿಯ ಹೆಸರು ‘ಇಂಥವರು & ಸನ್ಸ್’ ಎಂದಿದ್ದರೆ, ಎಕ್ಸ್‌ಎಂಎಲ್‌ನಲ್ಲಿ ಆ ನಡುವಿನ ಚಿಹ್ನೆಯನ್ನು ಎಂಟಿಟಿಯಾಗಿ, ಅಂದರೆ ಸಂಕೇತದ ರೂಪದಲ್ಲಿ, ಬರೆದಿರುತ್ತಾರೆ. ಎಕ್ಸ್‌ಪ್ಯಾಟ್ ಅಂಥ ಹೆಸರನ್ನು ಮೂರು ಕರೆಗಳಾಗಿ ಕೊಡುತ್ತದೆ: ಚಿಹ್ನೆಯ ಹಿಂದಿನ ಭಾಗ, ಚಿಹ್ನೆ, ಮುಂದಿನ ಭಾಗ. ನನ್ನ ಕೋಡು ಪ್ರತಿ ಕರೆಯಲ್ಲೂ ಹಿಂದಿನದನ್ನು ಅಳಿಸಿ ಹೊಸದನ್ನು ಬರೆಯುತ್ತಿದ್ದುದರಿಂದ ಕೊನೆಗೆ ಉಳಿದದ್ದು ‘ಸನ್ಸ್’ ಮಾತ್ರ. ಇದು ಪಾರ್ಸರಿನ ತಪ್ಪಲ್ಲ. ಒಂದು ಪಠ್ಯವನ್ನು ಎಷ್ಟು ತುಂಡು ಮಾಡಿ ಕೊಡಬೇಕು ಎಂಬುದನ್ನು, ಹೀಗೆ ಕರೆಗಳ ಮೂಲಕ ಓದಿಸುವ ಸ್ಯಾಕ್ಸ್ ಪದ್ಧತಿ ಪಾರ್ಸರಿನ ಇಷ್ಟಕ್ಕೇ ಬಿಟ್ಟಿದೆ, ಸಾಲು ಮುರಿದ ಕಡೆ, ಬಫರ್ ತುಂಬಿದ ಕಡೆ ಕೂಡ ತುಂಡಾಗಬಹುದು. ಬಂದ ತುಂಡುಗಳನ್ನು ಒಂದಕ್ಕೊಂದು ಸೇರಿಸುತ್ತಾ ಹೋಗಿ, ಮುಚ್ಚುವ ಟ್ಯಾಗು ಬಂದಾಗ ಮಾತ್ರ ಹೆಸರು ಪೂರ್ತಿಯಾಯಿತೆಂದು ತಿಳಿಯಬೇಕು. ಹೀಗೆ ಬರೆದ ಕೋಡು ಯಾವ ಪಾರ್ಸರಿನ ಮೇಲಾದರೂ ನಿಲ್ಲುತ್ತದೆ.

ಇನ್ನೊಂದು ಮಾತು ಆಟ್ರಿಬ್ಯೂಟುಗಳದ್ದು, ಅಂದರೆ ಟ್ಯಾಗಿನೊಳಗೇ ಬರೆಯುವ ಹೆಸರು-ಮೌಲ್ಯದ ಜೋಡಿಗಳದ್ದು. ಪರ್ಲ್‌ನ ಸ್ಯಾಕ್ಸ್ ಎರಡನೇ ಆವೃತ್ತಿಯ ಕ್ರಮದಲ್ಲಿ ಆಟ್ರಿಬ್ಯೂಟಿನ ಕೀಲಿ ಬರಿಯ ಹೆಸರಲ್ಲ. ಅದರ ಮುಂದೆ ಪುಷ್ಪಾವರಣದೊಳಗೆ ನೇಮ್‌ಸ್ಪೇಸ್ (ಹೆಸರು ಯಾವ ಗುಂಪಿಗೆ ಸೇರಿದ್ದೆಂದು ಹೇಳುವ ಗುರುತು) ಇರುತ್ತದೆ. ನೇಮ್‌ಸ್ಪೇಸ್ ಇಲ್ಲದಿದ್ದರೂ ಖಾಲಿ ಆವರಣ ಇದ್ದೇ ಇರುತ್ತದೆ, ‘{}ದರ’ ಎಂಬಂತೆ. ‘ದರ’ ಎಂದು ಹುಡುಕಿದರೆ ಏನೂ ಸಿಗದೆ, ಬಾಕ್ಸಿನ ದರವೆಲ್ಲ ಸೊನ್ನೆಯಾಗಿ ಇಳಿಯುತ್ತದೆ. ಎಕ್ಸ್‌ಎಂಎಲ್::ಪಾರ್ಸರಿನಿಂದ ನೇರವಾಗಿ ಸ್ಯಾಕ್ಸಿಗೆ ಬಂದವರು ಮೊದಲು ಎಡವುವ ಜಾಗ ಇದು.

ಗೌರಿಬಿದನೂರಿನಿಂದ:

ನಾನು ಪರ್ಲ್ ಬಿಟ್ಟು ಪೈಥಾನಿಗೆ ಬಂದವನು. ಇಲ್ಲಿಗೆ ಬಂದರೆ ಈ ಕಾಟ ತಪ್ಪುತ್ತದೆ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಎಲ್‌ಎಕ್ಸ್‌ಎಂಎಲ್ ಎಂಬ ಮಾಡ್ಯೂಲು ಇದ್ದರೆ ಅದನ್ನು ತೆಗೆದುಕೋ, ಇಲ್ಲದಿದ್ದರೆ ಪೈಥಾನಿನ ಜೊತೆಗೇ ಬರುವ ಎಲಿಮೆಂಟ್‌ಟ್ರೀ ತೆಗೆದುಕೋ ಎಂದು ಆರಂಭದಲ್ಲೇ ನಾಲ್ಕು ಸಾಲು ಬರೆಯುವುದು ಇಲ್ಲಿ ವಾಡಿಕೆ. ಎರಡರ ಮುಖವೂ ಒಂದೇ ಥರ ಇರುವುದರಿಂದ ಅವಳಿಗಳೆಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಎಲಿಮೆಂಟ್‌ಟ್ರೀ ಫೈಲಿನಲ್ಲಿನ ಕಾಮೆಂಟುಗಳನ್ನು ಎಸೆದುಬಿಡುತ್ತದೆ, ಎಲ್‌ಎಕ್ಸ್‌ಎಂಎಲ್ ಅವನ್ನು ಮರದಲ್ಲೇ ಉಳಿಸಿಕೊಳ್ಳುತ್ತದೆ. ಹಾಗೆ ಉಳಿದ ಕಾಮೆಂಟಿನ ‘ಟ್ಯಾಗ್’ ಅಕ್ಷರಮಾಲೆಯಲ್ಲ, ಒಂದು ಫಂಕ್ಷನ್. ಪ್ರತಿ ಟ್ಯಾಗನ್ನೂ ಸಣ್ಣಕ್ಷರಕ್ಕೆ ಇಳಿಸುವ ನನ್ನ ಸಾಲು ಎಲ್‌ಎಕ್ಸ್‌ಎಂಎಲ್ ಇದ್ದ ಕಂಪ್ಯೂಟರಿನಲ್ಲಿ ಮಾತ್ರ ಮುರಿದುಬಿತ್ತು. ಒಂದು ಟ್ಯಾಗು ಯಾವುದರೊಳಗೆ ಇದೆ ಎಂದು ಹೇಳುವ ‘ಗೆಟ್‌ಪೇರೆಂಟ್’ ಎಲ್‌ಎಕ್ಸ್‌ಎಂಎಲ್‌ನಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ.

ಇದಕ್ಕಿಂತ ಗಂಭೀರವಾದದ್ದು ತಪ್ಪಿರುವ ಫೈಲಿನ ವಿಷಯ. ವ್ಯಾಪಾರಿಯೊಬ್ಬರ ತಂತ್ರಾಂಶ ಕೊಟ್ಟ ಫೈಲಿನಲ್ಲಿ ಅಲ್ಲಲ್ಲಿ ‘&#4;’ ಎಂದಿರುತ್ತಿತ್ತು. 1998ರ ಎಕ್ಸ್‌ಎಂಎಲ್ 1.0ರ ನಿಯಮದಲ್ಲಿ ಆ ಅಕ್ಷರಕ್ಕೆ ಜಾಗವೇ ಇಲ್ಲ, ಹಾಗಾಗಿ ಎಲಿಮೆಂಟ್‌ಟ್ರೀ ಓದಲು ಒಪ್ಪದೆ ಸಾಲಿನ ಸಂಖ್ಯೆ ಹೇಳಿ ನಿಂತುಬಿಟ್ಟಿತು. ಎಲ್‌ಎಕ್ಸ್‌ಎಂಎಲ್‌ನಲ್ಲಿ ‘ರಿಕವರ್’ ಆನ್ ಮಾಡಿದರೆ ಅದು ಮನ್ನಿಸಿ ಮುಂದೆ ಸಾಗುತ್ತದೆ. ಆ ಹೊತ್ತಿಗೆ ಅದು ವರದಂತೆ ಕಂಡಿತು. ಮುಂದಿನ ತಿಂಗಳು, ಅರ್ಧಕ್ಕೇ ತುಂಡಾಗಿ ಬಂದ ಫೈಲೊಂದನ್ನೂ ಅದು ಅದೇ ಔದಾರ್ಯದಿಂದ ಓದಿ, ಇದ್ದಷ್ಟು ಬಿಲ್ಲುಗಳನ್ನು ಇಳಿಸಿ, ತುಟಿ ಪಿಟಕ್ಕೆನ್ನದೆ ಮುಗಿಸಿತು. ಈಗ ನಾನು ರಿಕವರ್ ಆಫ್ ಮಾಡಿ, ಆ ಒಂದು ಅಕ್ಷರವನ್ನು ಮಾತ್ರ ಪಾರ್ಸರಿಗೆ ಕೊಡುವ ಮೊದಲೇ ತೆಗೆದುಹಾಕುತ್ತೇನೆ.

ಹೊರಗಿನವರು ಕಳುಹಿಸಿದ ಫೈಲಾದ್ದರಿಂದ ಎಂಟಿಟಿಗಳ ವಿಷಯದಲ್ಲೂ ಎಚ್ಚರವಿರಲಿ. ಚಿಕ್ಕ ಫೈಲನ್ನು ಒಳಗೊಳಗೇ ಬೆಳೆಸಿ ಮೆಮೊರಿ ತಿನ್ನಿಸುವ ತಂತ್ರಕ್ಕೆ ಎಕ್ಸ್‌ಪ್ಯಾಟ್‌ನಲ್ಲಿ ತಡೆ ಬಂದದ್ದು 2021ರ 2.4.0 ಆವೃತ್ತಿಯಲ್ಲಿ, ಪೈಥಾನಿನ ಸ್ಯಾಕ್ಸ್ ಹೊರಗಿನ ಎಂಟಿಟಿಗಳನ್ನು ತಾನಾಗಿಯೇ ತರುವುದನ್ನು ಬಿಟ್ಟದ್ದು 3.7.1ರಿಂದ. ಲಾಗಿನಲ್ಲಿ ಆವೃತ್ತಿಯನ್ನೂ ಬರೆಯಿರಿ ಎಂದು ಚಿಂತಾಮಣಿಯವರು ಹೇಳಿದ್ದು ಇಂಥದ್ದಕ್ಕೂ ಬೇಕಾಗುತ್ತದೆ.

ಚಿಂತಾಮಣಿಯಿಂದ ಮತ್ತೆ:

ಒಂದನ್ನೇ ಹಿಡಿಯಬೇಕೋ ಬಿಡಬೇಕೋ ಎಂದು ನೀವು ಕೇಳಿದ್ದಕ್ಕೆ ನೇರವಾಗಿ ಹೇಳಿರಲಿಲ್ಲ. ಓಡಿಸುವಾಗ ಒಂದನ್ನೇ ಹಿಡಿಯಿರಿ, ಬೇರೆ ಹೆಸರು ಕಂಡರೆ ಸ್ಕ್ರಿಪ್ಟು ಅಲ್ಲೇ ನಿಲ್ಲಲಿ. ಪರೀಕ್ಷಿಸುವಾಗ ಮಾತ್ರ ಎರಡರಲ್ಲಿ ಓಡಿಸಿ ನೋಡಿ. ಹಳೆಯ ಫೈಲುಗಳಲ್ಲಿ ವಕ್ರವಾದವುಗಳನ್ನು ಹೆಕ್ಕಿ ಒಂದು ಫೋಲ್ಡರಿನಲ್ಲಿಡಿ: ಕನ್ನಡ ಹೆಸರಿರುವುದು, & ಇರುವುದು, ಒಂದೇ ಐಟಂ ಇರುವ ಬಿಲ್ಲು. ಈ ಕೊನೆಯದು ಎಕ್ಸ್‌ಎಂಎಲ್::ಸಿಂಪಲ್‌ಗೆ ವಿಶೇಷವಾಗಿ ಬೇಕು, ಏಕೆಂದರೆ ‘ಫೋರ್ಸ್‌ಅರೇ’ ಹೇಳದಿದ್ದರೆ ಅದು ಹಲವು ಐಟಂಗಳನ್ನು ಪಟ್ಟಿಯಾಗಿ ಕೊಟ್ಟು, ಒಂದೇ ಇದ್ದಾಗ ಪಟ್ಟಿಯಿಲ್ಲದೆ ಕೊಡುತ್ತದೆ.

ತುಮಕೂರಿನಿಂದ ಕೇಳಿದವರು:

ಎಲ್ಲರಿಗೂ ಧನ್ಯವಾದಗಳು. ಆ ಒಂದು ಸಾಲನ್ನು ಓಡಿಸಿದೆ, ಎಕ್ಸ್‌ಎಂಎಲ್::ಸ್ಯಾಕ್ಸ್::ಪ್ಯೂರ್‌ಪರ್ಲ್ ಎಂದೇ ಬಂತು. ಪಾರ್ಸರಿನ ಹೆಸರನ್ನು ಸ್ಕ್ರಿಪ್ಟಿನ ತಲೆಯಲ್ಲೇ ಬರೆದ ಮೇಲೆ ಕೆಲಸ ಮತ್ತೆ ಕಾಫಿಯ ಲೋಟದೊಳಕ್ಕೆ ಬಂದಿದೆ. ಗೌರಿಬಿದನೂರಿನವರು ಹೇಳಿದ ‘&#4;’ ನಮ್ಮ ಫೈಲುಗಳಲ್ಲೂ ಇದೆ. ಹಿಂದಿನವರು ಅದನ್ನು ತೆಗೆಯಲು ಒಂದು ಸಾಲು ಬರೆದಿದ್ದರು, ಅದೇಕೆ ಅಲ್ಲಿದೆ ಎಂದು ತಿಳಿಯದೆ ನಾನು ಹೋದ ವಾರವಷ್ಟೇ ಅಳಿಸಲು ಹೊರಟಿದ್ದೆ. ಮೂರು ವರ್ಷದ ಫೈಲುಗಳಿಂದ ವಕ್ರವಾದವುಗಳನ್ನು ಹೆಕ್ಕುತ್ತಿದ್ದೇನೆ. ಒಂದೇ ಐಟಂ ಇರುವ ಬಿಲ್ಲುಗಳನ್ನು ನಮ್ಮ ಸ್ಕ್ರಿಪ್ಟು ಈವರೆಗೆ ಏನು ಮಾಡುತ್ತಿತ್ತು ಎಂಬುದನ್ನು ಸೋಮವಾರ ನೋಡಬೇಕು.