ನಾಲ್ಕು ತಿಂಗಳ ಮಗಳು ಕುಕ್ಕರ್ ಸೀಟಿಗೂ ನನ್ನ ದನಿಗೂ ಒಂದೇ ಥರ ತಿರುಗುತ್ತಾಳೆ, ಪರವಾಗಿಲ್ವಾ?

ಪುಟ್ಟಿಯಮ್ಮ_ಮಂಡ್ಯ
ಬಾಣಂತನಕ್ಕೆ ಮಂಡ್ಯಕ್ಕೆ, ಅಮ್ಮನ ಮನೆಗೆ ಬಂದಿದ್ದೇನೆ. ಮಗಳಿಗೆ ನಾಲ್ಕು ತಿಂಗಳು ತುಂಬಿತು. ನಾನು ಕರೆದರೂ ತಿರುಗುತ್ತಾಳೆ, ಕುಕ್ಕರ್ ಕೂಗಿದರೂ ತಿರುಗುತ್ತಾಳೆ, ಕಬ್ಬಿನ ಟ್ರಾಕ್ಟರ್ ಹೋದರಂತೂ ನನಗಿಂತ ಜಾಸ್ತಿ ಕಣ್ಣರಳಿಸುತ್ತಾಳೆ. ನಮ್ಮನೆಯವರು ಬೆಂಗಳೂರಿನಿಂದ ದಿನಾ ರಾತ್ರಿ ಫೋನಲ್ಲಿ ‘ಪುಟ್ಟಮ್ಮಾ’ ಅಂತ ಹತ್ತು ನಿಮಿಷ ಕೂಗುತ್ತಾರೆ. ಇವಳು ಬೆರಳು ಚೀಪಿಕೊಂಡು ಫ್ಯಾನ್ ನೋಡುತ್ತಾಳೆ. ಮನುಷ್ಯರ ದನಿ ಬೇರೆ, ಬರೀ ಸದ್ದು ಬೇರೆ ಅಂತ ಮಕ್ಕಳಿಗೆ ಯಾವಾಗ ಗೊತ್ತಾಗುತ್ತೆ? ಅತ್ತೆ ‘ಕಿವಿ ತೋರಿಸು’ ಅಂತ ಶುರು ಮಾಡಿದ್ದಾರೆ.

ಕಿವಿ_ಡಾಕ್ಟರಲ್ಲ
ಮೈಸೂರಿನಲ್ಲಿ ಆಡಿಯಾಲಜಿ ಓದಿದವಳು ನಾನು. ಗಾಬರಿ ಬೇಡ, ನಿಮ್ಮ ದನಿ ಅವಳಿಗೆ ಹೊಟ್ಟೆಯಲ್ಲಿದ್ದಾಗಲೇ ಪರಿಚಯ. 1980ರಲ್ಲಿ ಅಮೆರಿಕದಲ್ಲಿ, ಹುಟ್ಟಿ ಮೂರು ದಿನವೂ ಆಗದ ಕೂಸುಗಳ ಬಾಯಿಗೆ ನಿಪ್ಪಲ್ ಕೊಟ್ಟು ಅದನ್ನು ಟೇಪಿಗೆ ಜೋಡಿಸಿದ್ದರು. ಒಂದು ಥರ ಚೀಪಿದರೆ ಅಮ್ಮನ ದನಿ, ಇನ್ನೊಂದು ಥರ ಚೀಪಿದರೆ ಬೇರೆ ಹೆಂಗಸಿನ ದನಿ. ಅಮ್ಮನ ದನಿ ಬರುವ ಹಾಗೇ ಚೀಪಿದವು!

ಆದರೆ ಅಮ್ಮನ ಗುರುತು ಸಿಗುವುದು ಬೇರೆ, ಮನುಷ್ಯರ ದನಿಗೆ ಅಂತಲೇ ಮಿದುಳಲ್ಲಿ ಒಂದು ಜಾಗ ಪಳಗುವುದು ಬೇರೆ. ದೊಡ್ಡವರಲ್ಲಿ ಆ ಜಾಗ ಎರಡೂ ಕಿವಿಯ ಮೇಲುಗಡೆ, ಒಳಗೆ ಇರುತ್ತದೆ. 2010ರಲ್ಲಿ ಮಕ್ಕಳ ತಲೆಗೆ ಬೆಳಕು ಹಾಯಿಸಿ ರಕ್ತದ ಹರಿವು ನೋಡಿದರು. ಏಳು ತಿಂಗಳ ಮಕ್ಕಳಲ್ಲಿ ಅಲ್ಲಿ ಬೇರೆ ಸದ್ದಿಗಿಂತ ದನಿಗೆ ಜಾಸ್ತಿ ಚಟುವಟಿಕೆ ಕಂಡಿತು, ನಾಲ್ಕು ತಿಂಗಳಿನವರಲ್ಲಿ ಇಲ್ಲ. ಮರುವರ್ಷ ಲಂಡನ್ನಿನವರು ನಿದ್ದೆ ಮಾಡುತ್ತಿದ್ದ ಕೂಸುಗಳನ್ನು ಎಂಆರ್‌ಐನಲ್ಲಿ ನೋಡಿದರೆ ಮೂರರಿಂದ ಏಳು ತಿಂಗಳೊಳಗೇ ಕಂಡಿತು. ಹಾಗಾಗಿ ಕ್ಯಾಲೆಂಡರ್ ಹಿಡಿದು ಕೂರಬೇಡಿ.

ಅತ್ತೆ ಹೇಳಿದ್ದೂ ಸುಮ್ನೆ ಅಲ್ಲ. ಹುಟ್ಟಿದಾಗ ಕಿವಿ ಟೆಸ್ಟ್ ಆಗಿಲ್ಲದಿದ್ದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಬನ್ನಿ. ಕುಕ್ಕರ್ ಕೇಳಿಸಿತು ಅಂದ ಮಾತ್ರಕ್ಕೆ ಮಾತಿನ ಸಣ್ಣ ಸದ್ದೆಲ್ಲ ಕೇಳಿಸುತ್ತೆ ಅಂತಲ್ಲ. ನೋವೇನೂ ಇಲ್ಲ, ಮಗು ಮಲಗಿದ್ದಾಗಲೇ ಮಾಡುತ್ತಾರೆ.

ಪಟ್ಟಣದ_ಗೌಡ
ಯಜಮಾನರಿಗೆ ಬೇಜಾರು ಮಾಡ್ಕೋಬೇಡಿ ಅನ್ನಿ ತಂಗಿ. 1984ರಲ್ಲಿ ಅದೇ ಚೀಪುವ ಪರೀಕ್ಷೆಯನ್ನು ಅಪ್ಪಂದಿರ ದನಿಗೂ ಮಾಡಿದರಂತೆ, ಅಪ್ಪನ ದನಿ ಬೇರೆ, ಇನ್ನೊಬ್ಬ ಗಂಡಸಿನ ದನಿ ಬೇರೆ ಅಂತ ಕೂಸುಗಳಿಗೆ ಗೊತ್ತಾದರೂ ಅಪ್ಪನದೇ ಬೇಕು ಅನ್ನಲಿಲ್ಲ, ಎರಡರಲ್ಲಿ ಯಾವುದಾದರೂ ಸರಿ ಅಂದವು! ಫೋನ್ ಕತೆ ಇನ್ನೊಂದು. 2003ರಲ್ಲಿ ಒಂಬತ್ತು ತಿಂಗಳ ಅಮೆರಿಕದ ಮಕ್ಕಳಿಗೆ ಚೀನೀ ಭಾಷೆ ಕೇಳಿಸಿದ್ದರು. ಎದುರಿಗೆ ಕೂತು ಆಡಿಸಿದವರಿಂದ ಆ ಭಾಷೆಯ ಸದ್ದು ಕಲಿತವು, ಟಿವಿಯಿಂದ ಏನೂ ಇಲ್ಲ. ನಮ್ಮವ್ವ ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ಯುವಾಗ ನನ್ನ ಮಗನ ಹತ್ತಿರ ಊರ ಜಗಳವನ್ನೆಲ್ಲ ಹೇಳುತ್ತಿದ್ದಳು. ಅವನು ಅಳು ಮರೆತು ಅವಳ ಬಾಯನ್ನೇ ನೋಡುತ್ತಿದ್ದ.

ಪುಟ್ಟಿಯಮ್ಮ_ಮಂಡ್ಯ
ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಅಣ್ಣ. ನಿನ್ನೆ ಸಂಜೆ ಕರೆಂಟ್ ಹೋಗಿ ಟಿವಿ, ಮಿಕ್ಸಿ ಎಲ್ಲ ನಿಂತವು. ಅಮ್ಮ ಅಡುಗೆಮನೆಯಿಂದ ‘ಬೆಂಕಿಪೊಟ್ಟಣ ಎಲ್ಲಮ್ಮೀ’ ಅಂದರು ನೋಡಿ, ಇವಳು ಹಾಲು ಕುಡಿಯುವುದು ಬಿಟ್ಟು ಆ ಕಡೆ ಕತ್ತು ತಿರುಗಿಸಿದಳು. ಕಿವಿ ಟೆಸ್ಟ್ ಅಂತೂ ಆಗಿಲ್ಲ. ಇವರು ಸೋಮವಾರ ರಜೆ ಹಾಕುತ್ತಾರಂತೆ, ಮೈಸೂರಿಗೆ ಹೋಗಿ ಬರುತ್ತೇವೆ. 1984ರದ್ದು ಮಾತ್ರ ಅವರಿಗೆ ಹೇಳಿಲ್ಲ.